ಪೇಪರು ನೋಡಲು ಹೋಗದೆ ಒಂದು ವರ್ಷ ಕಳೆದುಕೊಂಡೆ

ನೀವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವರು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಇಂಗ್ಲಿಷ್ ಸಾಲದು ಅಂತ ಭಯ, ಹಾಗಾಗಿ ಒಂದು ವರ್ಷ ಮಂಗಳೂರಿನಲ್ಲಿ ಕೋಚಿಂಗ್ ತೆಗೆದುಕೊಂಡು ಆಮೇಲೆ ಹೊರಡಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು 2017ರಲ್ಲಿ ಪರಿಚಯದ ಒಬ್ಬರಿಗೆ ಕೇಳಿದ್ದೆ. ನಮ್ಮ ಮನೆಯೂ ಅಲ್ಲೇ, ಪೆರ್ಲದ ಹತ್ತಿರ. ಅವರು ಇಂಗ್ಲಿಷ್ ಬಗ್ಗೆ ಬಹಳ ಹೇಳಿದರು. ಅದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಏನೂ ಇಲ್ಲ.

ಕೋಚಿಂಗ್ ಬೇಡ. ಯಾಕೆ ಅಂತ ಹೇಳಲು ನನ್ನ ಕತೆಯನ್ನೇ ಹೇಳಬೇಕು.

ಪ್ಲಸ್ ಟೂಗೆ ಸೇರಿದಾಗ ನಿಮಗೂ ಹೀಗೆ ಆಗಿರಬಹುದು. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ನಾವು ಆರು ಮಂದಿ ಹಿಂದಿನ ಬೆಂಚಿನಲ್ಲಿ. ಪಾಠದ ನಡುವೆ ನಿಲ್ಲಿಸಿ ಮಾಷ್ಟ್ರು 'ಮನಸ್ಸಿಲಾಯೋ?', ಅರ್ಥ ಆಯಿತಾ ಅಂತ ಕೇಳುತ್ತಿದ್ದರು. ನಾವು ಆರೂ ಮಂದಿ ತಲೆಯಾಡಿಸುತ್ತಿದ್ದೆವು. ಪೇಟೆಯ ಮಲಯಾಳ ನಮಗೆ ಬರುತ್ತದೆ, ಫಿಸಿಕ್ಸಿನ ಮಲಯಾಳ ಬರುತ್ತಿರಲಿಲ್ಲ. ಇಲ್ಲ ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ಹಾಗಾಗಿ ಹೂಂ ಅನ್ನುವುದು, ರಾತ್ರಿ ಗೈಡು ತೆರೆದು ಬಾಯಿಪಾಠ ಮಾಡುವುದು. ಮಾರ್ಕು ಬಂತು. ಇಂಜಿನಿಯರಿಂಗಿನ ನಾಲ್ಕು ವರ್ಷವೂ ಹಾಗೇ ದಾಟಿತು. ಅದನ್ನು ನಾನು ಜಾಣತನ ಅಂತಲೇ ತಿಳಿದಿದ್ದೆ.

2018ರ ಅಕ್ಟೋಬರದಲ್ಲಿ ಜರ್ಮನಿಗೆ ಹೋದೆ. ವೀಸಾಕ್ಕೆ ಒಂದು ವರ್ಷದ ಖರ್ಚಿನ ದುಡ್ಡನ್ನು ಮೊದಲೇ ಬ್ಲಾಕ್ಡ್ ಅಕೌಂಟ್ ಅನ್ನುವ ಖಾತೆಯಲ್ಲಿ ಇಡಬೇಕು, ಆಗ ಅದು 8,640 ಯೂರೋ. ಬ್ಯಾಂಕ್ ಸಾಲ, ಮೇಲಿಂದ ಅಮ್ಮನ ಎರಡು ಬಳೆ. ಕ್ಲಾಸಿನಲ್ಲಿ ಚೀನಾದವರು, ಇರಾನಿನವರು, ಈಜಿಪ್ಟಿನವರು, ಒಬ್ಬೊಬ್ಬರದು ಒಂದೊಂದು ಇಂಗ್ಲಿಷ್. ಪ್ರೊಫೆಸರೂ ನಡುನಡುವೆ ಶಬ್ದ ಸಿಗದೆ ನಿಲ್ಲುತ್ತಿದ್ದರು. ಯಾರೂ ನಗಲಿಲ್ಲ. ಇಂಗ್ಲಿಷಿನ ಭಯ ಎರಡು ವಾರದಲ್ಲಿ ಹೋಯಿತು.

ಆದರೆ ತಲೆಯಾಡಿಸುವ ಅಭ್ಯಾಸ ಹೋಗಲಿಲ್ಲ. ಅಲ್ಲಿ ಪಾಠದ ಜೊತೆಗೆ ವಾರಕ್ಕೊಮ್ಮೆ ಲೆಕ್ಕ ಬಿಡಿಸುವ ಕ್ಲಾಸು ಇರುತ್ತದೆ. ನಮ್ಮ ಕೋರ್ಸಿನಲ್ಲಿ ಅದಕ್ಕೆ ಹಾಜರಿ ಕಡ್ಡಾಯ ಇರಲಿಲ್ಲ. ಟ್ಯೂಟರ್ 'ಎಲ್ಲ ಅರ್ಥ ಆಯಿತಾ?' ಅಂತ ಕೇಳಿದಾಗ ನಾನು ಹಳೆ ಬೆಂಚಿನಲ್ಲಿ ಕೂತ ಹಾಗೆಯೇ ಹೂಂ ಅಂದೆ. ಡಿಸೆಂಬರಿನಿಂದ ಹೋಗುವುದನ್ನೇ ಬಿಟ್ಟೆ. ನಾಲ್ಕು ಗಂಟೆಗೇ ಕತ್ತಲೆ, ಚಳಿ. ರೂಮಿನಲ್ಲಿ ಕೂತು ನೋಟ್ಸ್ ಬಾಯಿಪಾಠ ಮಾಡಿದೆ.

2019ರ ಫೆಬ್ರವರಿಯಲ್ಲಿ ಹೀಟ್ ಟ್ರಾನ್ಸ್‌ಫರ್ ಪರೀಕ್ಷೆ. ಗ್ರೇಡ್ 5.0. ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0ವರೆಗೆ ಪಾಸು, 5.0 ಅಂದರೆ ಫೇಲು. ಇಂಟರ್ನಲ್ ಮಾರ್ಕು ಇಲ್ಲ, ಇಡೀ ವಿಷಯಕ್ಕೆ ಅದೊಂದೇ ಪರೀಕ್ಷೆ. ನಾನು ಜೀವನದಲ್ಲಿ ಫೇಲಾದದ್ದು ಅದೇ ಮೊದಲು.

ಈಗ ಆ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಫಲಿತಾಂಶದ ಜೊತೆ ಒಂದು ನೋಟೀಸು ಬಂತು. ಐನ್‌ಜಿಷ್ಟ್ ಅಂತೆ, ಇಂಥ ದಿನ, ಇಂಥ ಕೋಣೆ, ಅರ್ಧ ಗಂಟೆ. ನಮ್ಮ ಉತ್ತರ ಪತ್ರಿಕೆಯನ್ನು ನಮ್ಮ ಕೈಗೆ ಕೊಡುತ್ತಾರೆ. ಎಲ್ಲಿ ಎಷ್ಟು ಅಂಕ ಹೋಯಿತು, ಯಾಕೆ ಹೋಯಿತು ಅಂತ ನೋಡಬಹುದು, ಕೇಳಬಹುದು. ಅದು ವಿದ್ಯಾರ್ಥಿಯ ಹಕ್ಕು. ನಾನು ಅದನ್ನು ನಮ್ಮ ಊರಿನ ರೀವ್ಯಾಲ್ಯುಯೇಷನ್ ಅಂತ ಅರ್ಥ ಮಾಡಿಕೊಂಡೆ. ಪೇಪರು ನೋಡಲು ಹೋಗುವುದು ಅಂದರೆ ಮಾಷ್ಟ್ರ ಮೇಲೆ ಸಂಶಯ ಪಟ್ಟ ಹಾಗೆ, ಜಗಳಕ್ಕೆ ಹೋದ ಹಾಗೆ. ಅವರ ಕೈಕೆಳಗೆ ಇನ್ನೂ ಎರಡು ವಿಷಯ ಇತ್ತು. ಅವರ ಕಣ್ಣಿಗೆ ಬೀಳುವುದೇ ಬೇಡ ಅಂತ ಅನಿಸಿತು. ಇನ್ನೊಂದು ಮಾತು, ಹೇಳಲು ಕಷ್ಟ. ನನ್ನ ಪೇಪರು ನನಗೇ ನೋಡಲು ನಾಚಿಕೆ. ಆ ದಿನ ಕೋಣೆಯ ಬಾಗಿಲ ತನಕ ಹೋಗಿದ್ದೆ. ಒಳಗೆ ಐದಾರು ಮಂದಿ ತಲೆ ಬಗ್ಗಿಸಿ ಓದುತ್ತಿದ್ದರು. ಹಾಗೇ ವಾಪಸು ಬಂದೆ.

ಓದಿದ್ದು ಸಾಲಲಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಇನ್ನೂ ಜಾಸ್ತಿ ಬಾಯಿಪಾಠ ಮಾಡಿ ಸೆಪ್ಟೆಂಬರಿನಲ್ಲಿ ಮತ್ತೆ ಬರೆದೆ. ಮತ್ತೆ 5.0.

ನಮ್ಮಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಅದೇ ಕೋರ್ಸಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮನೆಗೆ ಫೋನು ಮಾಡಿ ಹೇಳಲೇಬೇಕಾಯಿತು. ಆ ವರ್ಷ ತೋಟಕ್ಕೆ ಮಹಾಳಿ ರೋಗ ಬಂದು ಎಳೆ ಅಡಿಕೆ ಎಲ್ಲ ಉದುರಿತ್ತು. ಅಮ್ಮ ಬೈಯಲಿಲ್ಲ. 'ಎಂತ ತಪ್ಪಾದ್ದು ಅಂತ ಕೇಳಿದೆಯಾ?' ಅಂದರು. ಇಲ್ಲ ಅಂದೆ. 'ಮತ್ತೆ ಹೇಗೆ ಗೊತ್ತಾಗುವುದು?' ಅಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ. ಪಂಚಾಯತಿಯಿಂದ ಮಲಯಾಳದಲ್ಲಿ ಕಾಗದ ಬಂದರೆ ಅದನ್ನು ಹಿಡಿದುಕೊಂಡು ಆಫೀಸಿಗೇ ಹೋಗಿ, 'ನನಗೆ ಓದಲು ಗೊತ್ತಿಲ್ಲ, ಎಂತ ಬರೆದಿದೆ ಹೇಳಿ' ಅಂತ ಕೌಂಟರಿನಲ್ಲಿ ನಿಲ್ಲುತ್ತಾರೆ. ಅವರಿಗೆ ಅದರಲ್ಲಿ ನಾಚಿಕೆ ಇಲ್ಲ. ಡಿಗ್ರಿ ಮುಗಿಸಿದ ನನಗೆ ಇತ್ತು.

ಈ ಸಲ ಹೋದೆ. ಟ್ಯೂಟರ್ ಪೇಪರು ಮೇಜಿನ ಮೇಲಿಟ್ಟು ಎದುರಿಗೆ ಕೂತರು. ಹನ್ನೆರಡು ಅಂಕದ ಪ್ರಶ್ನೆ. ಕಾಯಿಸಿದ ಒಂದು ಸಣ್ಣ ಉಕ್ಕಿನ ಗುಂಡು ಗಾಳಿಯಲ್ಲಿ ತಣಿಯುತ್ತಿದೆ. ಗುಂಡಿನ ಒಳಗೆ ಎಲ್ಲ ಕಡೆ ಒಂದೇ ತಾಪಮಾನ ಅಂತ ಭಾವಿಸಬಹುದಾ, ಭಾವಿಸಬಹುದಾದರೆ ಹತ್ತು ನಿಮಿಷದ ನಂತರ ಎಷ್ಟಿರುತ್ತದೆ? ನಾನು ಎರಡೂವರೆ ಪುಟ ಬರೆದಿದ್ದೆ. ಬಿಯೋ ನಂಬರ್ (Biot, ವಸ್ತುವಿನ ಒಳಗೆ ಶಾಖ ಹರಿಯಲು ಇರುವ ತಡೆಯನ್ನು ಮೇಲ್ಮೈಯಲ್ಲಿನ ತಡೆಗೆ ಹೋಲಿಸುವ ಸಂಖ್ಯೆ) ಅಂದರೇನು, ಅದರ ವ್ಯಾಖ್ಯೆ, ಚಿತ್ರ, ಸೂತ್ರ ಬಂದ ಬಗೆ. ದೊಡ್ಡ ಪ್ರಶ್ನೆಗೆ ಪುಟ ತುಂಬಿಸಬೇಕು ಅಂತ ತಾನೇ ನಮಗೆ ಕಲಿಸಿದ್ದು. ಆದರೆ ಈ ಗುಂಡಿನ ಬಿಯೋ ನಂಬರ್ ಎಷ್ಟು ಅಂತ ಲೆಕ್ಕ ಮಾಡಿರಲೇ ಇಲ್ಲ. ಅದು 0.1ಕ್ಕಿಂತ ಕಡಿಮೆ ಇದ್ದರೆ ಹಾಗೆ ಭಾವಿಸಬಹುದು. ಒಂದು ಸಾಲಿನ ಲೆಕ್ಕ, ಒಂದು ಸಾಲಿನ ಕಾರಣ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ ಬರೆದಿತ್ತು: 'ವಾರುಮ್?' ಯಾಕೆ ಅಂತ ಅರ್ಥ. ಪುಟ ತಿರುಗಿಸಿದೆ. ಮುಂದಿನ ಪ್ರಶ್ನೆಯ ಹತ್ತಿರವೂ ಅದೇ. ಅದರ ಮುಂದಿನದಕ್ಕೂ ಅದೇ. ಗುಂಡಿನ ಪ್ರಶ್ನೆಗೆ ಸಿಕ್ಕಿದ್ದು ಹನ್ನೆರಡರಲ್ಲಿ ಮೂರು.

ನನಗೆ ವಿಷಯ ಗೊತ್ತಿತ್ತು, ಟ್ಯೂಟರೂ ಅದನ್ನೇ ಹೇಳಿದರು. ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ, ಅಷ್ಟೇ. ಇದನ್ನು ಆರು ತಿಂಗಳ ಹಿಂದೆಯೇ ಆ ಬಾಗಿಲು ದಾಟಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿದ್ದೆ.

ಆಮೇಲೆ ಲೆಕ್ಕದ ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಹೋದೆ. ಮೊದಲ ಸಲ 'ನನಗೆ ಅರ್ಥ ಆಗಲಿಲ್ಲ' ಅಂದಾಗ ಕೈ ನಡುಗುತ್ತಿತ್ತು. ಟ್ಯೂಟರ್ ಬೋರ್ಡ್ ಒರೆಸಿ ಮೊದಲಿನಿಂದ ಬರೆದರು. ಹಿಂದೆ ಕೂತಿದ್ದ ಇಬ್ಬರು ಕೂಡಲೇ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಅವರಿಗೂ ಆಗಿರಲಿಲ್ಲ ಅಂತ ಕಾಣುತ್ತದೆ. 2020ರ ಫೆಬ್ರವರಿಯಲ್ಲಿ ಮೂರನೇ ಸಲ ಬರೆದು 2.3 ತೆಗೆದೆ. ಆದರೆ ಮಾರ್ಚಿನಲ್ಲಿ ಕೊರೋನಾ ಬಂದು ಲ್ಯಾಬ್ ಮುಚ್ಚಿತು. ನನ್ನ ಜೊತೆಯವರು ಆಗಲೇ ಥೀಸಿಸ್ಸಿನ ಪ್ರಯೋಗ ಮುಗಿಸಿದ್ದರು. ನಾನು ಶುರು ಮಾಡಬೇಕಿತ್ತಷ್ಟೇ. ಹಾಗೆ ಒಂದು ವರ್ಷ ಹೋಯಿತು. ಅಷ್ಟೂ ತಿಂಗಳ ಬಡ್ಡಿ, ಬಾಡಿಗೆ, ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಕರಿಯಲ್ಲಿ ಕೆಲಸ. ಬಳೆ ಬಿಡಿಸಿಕೊಂಡದ್ದು 2022ರಲ್ಲಿ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಮಾತಾಡಿ ಬೆಳೆದವರಿಗೆ ಇನ್ನೊಂದು ಭಾಷೆ ಹೊರೆ ಆಗುವುದಿಲ್ಲ. ಕಾಸರಗೋಡಿನವರಿಗಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಎರಡು ತಿಂಗಳು ಸರಿಯಾಗಿ ಕೂತರೆ ಸಾಕು. ಉಳಿದ ಸಮಯ ಜರ್ಮನ್ ಕಲಿಯಿರಿ, ಎರಡನೇ ಹಂತ ಎ2 ಆದರೂ ಮುಗಿಸಿ. ಕ್ಲಾಸು ಇಂಗ್ಲಿಷಿನಲ್ಲಿ ಇದ್ದರೂ ಮನೆ ಒಪ್ಪಂದ, ಆಫೀಸಿನ ಕಾಗದ, ಡಾಕ್ಟರ ಹತ್ತಿರ ಮಾತು, ಎಲ್ಲ ಜರ್ಮನಿನಲ್ಲೇ.

ನಮ್ಮ ಡಿಗ್ರಿ, ಮಾರ್ಕ್‌ಕಾರ್ಡು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ ಈಗಲೇ ಅರ್ಜಿ ಹಾಕಿ. ನಮ್ಮ ಕಾಲದಲ್ಲಿ ಇರಲಿಲ್ಲ. 2022ರ ನವೆಂಬರಿನಿಂದ ಅದಿಲ್ಲದೆ ಭಾರತದವರಿಗೆ ಸ್ಟೂಡೆಂಟ್ ವೀಸಾ ಇಲ್ಲ. ಬ್ಲಾಕ್ಡ್ ಅಕೌಂಟ್ 2024ರ ಸೆಪ್ಟೆಂಬರಿನಲ್ಲಿ 11,904 ಯೂರೋ ಆಯಿತು, ತಿಂಗಳಿಗೆ 992. ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಫೀಸು ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಾರೆ. ಸೀಟು ಸಿಕ್ಕಿದ ದಿನವೇ ಸ್ಟೂಡೆಂಟ್ ಹಾಸ್ಟೆಲಿಗೆ ಹೆಸರು ಕೊಡಿ, ಕಾಯುವವರ ಪಟ್ಟಿ ಉದ್ದ ಇರುತ್ತದೆ.

ನಮ್ಮವರ ಜೊತೆಗೇ ರೂಮು ಮಾಡಲಾ ಅಂತಲೂ ಕೇಳಿದ್ದೀರಿ. ಮೊದಲ ಸೆಮಿಸ್ಟರಿಗೆ ಬೇಡ. ನಾನು ಹಾಗೇ ಇದ್ದೆ. ನಾಲ್ಕೂ ಮಂದಿಗೆ ಐನ್‌ಜಿಷ್ಟ್ ಅಂದರೆ ಏನು ಅಂತ ಗೊತ್ತಿರಲಿಲ್ಲ.

ಊರಿನ ತುಪ್ಪ ತರಬೇಡಿ. ಹಾಲಿನ ಪದಾರ್ಥ ಹೊರಗಿನಿಂದ ತರಲು ಯುರೋಪಿನಲ್ಲಿ ಬಿಡುವುದಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ಹಲಸಿನ ಹಪ್ಪಳ ಎಷ್ಟಾಗುತ್ತದೋ ಅಷ್ಟು ತನ್ನಿ.