ದಾರಿ ಎಲ್ಲರದು, ದುರಸ್ತಿ ಯಾರದು?

ಸರೋವರದ ದಡದಲ್ಲಿ ಕ್ಯಾಬಿನ್ ಕಟ್ಟಿಕೊಂಡವರ ಸಂಘಗಳಿಂದ ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಸರೋವರದ ಕುರಿತಾಗಿರದೆ, ಅಲ್ಲಿಯ ತನಕ ಹೋಗುವ ಜಲ್ಲಿರಸ್ತೆಯ ಕುರಿತಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕಾನೂನು ಒಂದೊಂದು ಕಡೆ ಒಂದೊಂದು ತೆರನಾಗಿರುವುದರಿಂದ, ನಿಮ್ಮ ಕ್ರಯಪತ್ರ ಮತ್ತು ಸಂಘದ ಬೈಲಾವನ್ನು ವಕೀಲರೊಬ್ಬರಿಗೆ ತೋರಿಸದೆ ಯಾರ ಮೇಲೂ ಕ್ರಮಕ್ಕೆ ಹೊರಡಬೇಡಿ.

ಪ್ರಶ್ನೆ: ನಮ್ಮ ಸಂಘದಲ್ಲಿ 26 ಮನೆಗಳಿವೆ. ಮುಖ್ಯರಸ್ತೆಯಿಂದ ದಡದವರೆಗಿನ ಒಂದು ಕಿಲೋಮೀಟರ್ ಜಲ್ಲಿರಸ್ತೆ ನಮ್ಮೆಲ್ಲರದು. ಪ್ರತಿ ವರ್ಷ ಜಲ್ಲಿ ಸುರಿಸುತ್ತೇವೆ. ನಾಲ್ಕು ದೊಡ್ಡ ಮಳೆ ಬಿದ್ದರೆ ಅದು ಇರುವುದಿಲ್ಲ. ಒಮ್ಮೆಗೇ ಡಾಂಬರು ಹಾಕಿಸಿ ಕೈ ತೊಳೆದುಕೊಳ್ಳುವುದು ಲೇಸಲ್ಲವೇ?

ಉತ್ತರ: ಡಾಂಬರಿನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಮುಂದಿನ ಜೋರುಮಳೆ ಸುರಿಯುತ್ತಿರುವಾಗಲೇ ಸಮಿತಿಯ ಇಬ್ಬರು ಕೊಡೆ ಹಿಡಿದು ಆ ಒಂದು ಕಿಲೋಮೀಟರನ್ನು ನಡೆದು, ನೀರು ಎಲ್ಲಿ ರಸ್ತೆಗೆ ಇಳಿಯುತ್ತದೆ, ಎಷ್ಟು ದೂರ ರಸ್ತೆಯ ಮೇಲೆಯೇ ಹರಿಯುತ್ತದೆ, ಎಲ್ಲಿ ರಸ್ತೆಯನ್ನು ಬಿಟ್ಟು ಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಲಿ. ಒಣದಿನದಲ್ಲಿ ಹತ್ತು ಸಲ ನೋಡಿದರೂ ಕಾಣದ್ದು ಆ ಒಂದು ನಡಿಗೆಯಲ್ಲಿ ಕಾಣುತ್ತದೆ. ನೀವು ಜಲ್ಲಿಗೆಂದು ಖರ್ಚು ಮಾಡುತ್ತಿರುವ ಹಣದ ಬಹುಭಾಗ ನೀರಿನ ಜೊತೆ ಚರಂಡಿಗೋ ಸರೋವರಕ್ಕೋ ಹೋಗಿ ಸೇರುತ್ತಿದೆ ಎಂಬುದು ನನ್ನ ಅನುಮಾನ.

ಜಲ್ಲಿರಸ್ತೆಯ ನಡುಭಾಗ ಅಂಚಿಗಿಂತ ಎತ್ತರವಾಗಿರಬೇಕು. ರಸ್ತೆ ಕೆಲಸದವರು ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಡಾಂಬರು ರಸ್ತೆಗೆ ಶೇಕಡ 2ರ ಆಸುಪಾಸಿನ ಇಳಿಜಾರು ಸಾಕಾದರೆ, ನೀರು ಅಷ್ಟು ಸಲೀಸಾಗಿ ಜಾರದ ಜಲ್ಲಿಗೆ ಶೇಕಡ 4ರಿಂದ 6ರಷ್ಟು ಬೇಕು. 4 ಮೀಟರ್ ಅಗಲದ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ 2 ಮೀಟರ್ ದೂರವಿರುವುದರಿಂದ, ಶೇಕಡ 4 ಎಂದರೆ ನಡುಭಾಗ 8 ಸೆಂಟಿಮೀಟರ್ ಎತ್ತರವಿರಬೇಕೆಂದು ಅರ್ಥ. ಉದ್ದನೆಯ ಹಲಗೆ, ರಸಮಟ್ಟ, ಅಳತೆಪಟ್ಟಿ ಇದ್ದರೆ ಇದನ್ನು ನೀವೇ ಅಳೆಯಬಹುದು. ಬಹುತೇಕ ಸಂಘಗಳ ರಸ್ತೆ ಈ ಅಳತೆಯಲ್ಲಿ ಚಪ್ಪಟೆಯಾಗಿ ಇಲ್ಲವೇ ತಟ್ಟೆಯ ಹಾಗೆ ನಡುವೆ ತಗ್ಗಾಗಿ ಕಂಡುಬರುತ್ತದೆ.

ಎರಡನೆಯದಾಗಿ ಅಂಚನ್ನು ನೋಡಿ. ಗಾಡಿಗಳ ಚಕ್ರವೂ, ಉದ್ದನೆಯ ಅಲಗಿನಿಂದ ರಸ್ತೆಯನ್ನು ಹೆರೆದು ಮಟ್ಟ ಮಾಡುವ ಗ್ರೇಡರ್ ಯಂತ್ರದ ಅರೆಮನಸ್ಸಿನ ಕೆಲಸವೂ ಸೇರಿ ಅಲ್ಲೊಂದು ಸಣ್ಣ ಏರಿಯನ್ನು ಎಬ್ಬಿಸಿರುತ್ತವೆ ಮತ್ತು ಅದರ ಮೇಲೆ ಹುಲ್ಲು ಬೇರು ಬಿಟ್ಟಿರುತ್ತದೆ. ಚರಂಡಿ ಒಂದು ಮೊಳ ದೂರದಲ್ಲಿದ್ದರೂ ನೀರು ಅದಕ್ಕೆ ಇಳಿಯಲಾರದೆ ರಸ್ತೆಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಈ ಏರಿಯನ್ನು ಕತ್ತರಿಸಿ ತೆಗೆಯುವುದಕ್ಕೆ ಜಲ್ಲಿಯ ಒಂದು ಲೋಡಿನಷ್ಟೂ ಖರ್ಚಾಗದು. ಅಡ್ಡಮೋರಿಗಳ ಬಾಯಿಯನ್ನು ಮಳೆಗೆ ಮುನ್ನ ಒಮ್ಮೆ, ದೊಡ್ಡ ಮಳೆಯ ನಂತರ ಮತ್ತೊಮ್ಮೆ ಬಿಡಿಸಬೇಕು. ಕೊಳವೆಯನ್ನೇ ಬದಲಿಸುವ ಪ್ರಸಂಗ ಬಂದರೆ, 30 ಸೆಂಟಿಮೀಟರ್ ವ್ಯಾಸದ ಬದಲು 60 ಸೆಂಟಿಮೀಟರಿನದನ್ನು ಹಾಕಿದಾಗ ನೀರು ಹಾಯುವ ಜಾಗ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಸಭೆಯಲ್ಲಿ ಲೆಕ್ಕ ಬಿಡಿಸಿ ತೋರಿಸಿ. ಅಗೆಯುವ ಕೂಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕೊಳವೆಯಲ್ಲಿ ಉಳಿತಾಯ ಮಾಡಲು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟಾದ ಮೇಲೆ ಜಲ್ಲಿಯ ಮಾತು. ಮೇಲ್ಪದರಕ್ಕೆ ಬೇಕಾದದ್ದು ಯಂತ್ರದಲ್ಲಿ ಒಡೆದ, ಚೂಪು ಅಂಚುಗಳ ಕಲ್ಲು; ಗಾತ್ರ 20ರಿಂದ 25 ಮಿಲಿಮೀಟರ್ ಮೀರಬಾರದು; ತೂಕದಲ್ಲಿ ಸುಮಾರು ಶೇಕಡ 8ರಿಂದ 15ರಷ್ಟು 0.075 ಮಿಲಿಮೀಟರ್ ಜರಡಿಯನ್ನು ದಾಟುವ, ಒದ್ದೆಯಾದಾಗ ಅಂಟುವ ನುಣ್ಣನೆಯ ಮಣ್ಣಿರಬೇಕು. ಈ ಮಣ್ಣೇ ಕಲ್ಲುಗಳನ್ನು ಹಿಡಿದಿಡುವ ಗಾರೆ. ನಾನು ಕಾರ್ಯದರ್ಶಿಯಾಗಿದ್ದ ವರ್ಷ, ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದ ಗುಂಡುಕಲ್ಲನ್ನು ಅಗ್ಗಕ್ಕೆ ಸಿಕ್ಕಿತೆಂದು ತರಿಸಿ, ಅದು ಚಕ್ರದಡಿಯಲ್ಲಿ ರಾಗಿಕಾಳಿನಂತೆ ಉರುಳಿ ಎರಡು ತಿಂಗಳಲ್ಲಿ ಚರಂಡಿ ಸೇರಿದ್ದನ್ನು ನೋಡಿ ಈ ಪಾಠ ಕಲಿತೆ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಪ್ರಮಾಣದ ಲೆಕ್ಕವನ್ನೂ ಮೊದಲೇ ಮಾಡಿಡಿ: 1,000 ಮೀಟರ್ ಉದ್ದ, 4 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ ಎಂದರೆ 400 ಘನಮೀಟರ್. ಇದು ರೋಲರ್ ಉರುಳಿಸಿ ಗಟ್ಟಿಯಾದ ಮೇಲಿನ ಅಳತೆ. ಸಡಿಲವಾಗಿ ಬರುವ ಲೋಡಿನಲ್ಲಿ ಇದಕ್ಕಿಂತ ಕಾಲುಭಾಗದಷ್ಟಾದರೂ ಹೆಚ್ಚು ಬೇಕಾಗುತ್ತದೆ. ಒಪ್ಪಂದದಲ್ಲಿ ದಪ್ಪವನ್ನು ಬರೆಯುವಾಗ "ಗಟ್ಟಿಸಿದ ನಂತರ" ಎಂಬ ಎರಡು ಪದಗಳನ್ನು ಸೇರಿಸಲು ಮರೆಯಬೇಡಿ.

ಡಾಂಬರನ್ನು ನೀರಿನ ದಾರಿ ಸರಿಹೋದ ಮೇಲೆ ಯೋಚಿಸಿ. ಬುಡ ನೆನೆಯುತ್ತಲೇ ಇರುವ ರಸ್ತೆಗೆ ಡಾಂಬರು ಹೊದಿಸಿದರೆ ಬುಡ ಕುಸಿದು ಮೇಲಿನದು ಒಡೆಯುತ್ತದೆ. ಕೆಟ್ಟ ಜಲ್ಲಿರಸ್ತೆಯನ್ನು ಗ್ರೇಡರ್ ಒಂದೆರಡು ದಿನದಲ್ಲಿ ತಿದ್ದಿಕೊಟ್ಟೀತು, ಒಡೆದ ಡಾಂಬರನ್ನು ಮಾತ್ರ ಕಿತ್ತು ಹೊಸದಾಗಿ ಹಾಕಬೇಕಾಗುತ್ತದೆ.

ಪ್ರಶ್ನೆ: ಗೇಟಿನ ಹತ್ತಿರದ ಮನೆಯವರು ತಾವು ರಸ್ತೆಯ ಹತ್ತರಲ್ಲಿ ಒಂದು ಭಾಗವನ್ನಷ್ಟೇ ಬಳಸುವುದಾಗಿಯೂ, ಬೇಸಿಗೆಗೆ ಮಾತ್ರ ಬರುವವರು ವರ್ಷವಿಡೀ ಇರುವವರಷ್ಟು ವಂತಿಗೆ ಕೊಡಲಾರೆವೆಂದೂ ಹೇಳುತ್ತಾರೆ. ಖಾಲಿ ನಿವೇಶನದವರದು ಇನ್ನೊಂದು ವಾದ. ನ್ಯಾಯವಾದ ಹಂಚಿಕೆ ಯಾವುದು?

ಉತ್ತರ: ಎಲ್ಲರಿಗೂ ನ್ಯಾಯವೆನಿಸುವ ಹಂಚಿಕೆಯನ್ನು ನಾನು ಇನ್ನೂ ಕಂಡಿಲ್ಲ, ಎಲ್ಲರೂ ಸಹಿಸಿಕೊಳ್ಳಬಲ್ಲ ಹಂಚಿಕೆಗಳನ್ನು ಕಂಡಿದ್ದೇನೆ. ಮೊದಲು ನಿಮ್ಮ ಕ್ರಯಪತ್ರಗಳಲ್ಲಿ ಅಥವಾ ಬೈಲಾದಲ್ಲಿ ಸೂತ್ರವಿದೆಯೇ ನೋಡಿ. ಇದ್ದರೆ ಅದೇ ನಡೆಯಬೇಕು. ಬದಲಿಸಬೇಕೆಂದರೆ ಅದರಲ್ಲೇ ಹೇಳಿರುವ ಬಹುಮತ ಬೇಕು.

ಸೂತ್ರವೇ ಇಲ್ಲದಿದ್ದರೆ, ದೂರದ ಮೇಲೆ ಹಂಚುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದಾದರೂ ನಾನು ಅದನ್ನು ಹೇಳುವುದಿಲ್ಲ. ರಸ್ತೆಯ ಕೊನೆಯ ಮನೆಯವರಿಗೆ ಬರುವ ಗ್ಯಾಸ್, ಅಂಚೆ, ಆಂಬುಲೆನ್ಸ್ ಎಲ್ಲವೂ ಗೇಟಿನವರ ಮುಂದೆಯೇ ಹಾದುಹೋಗಬೇಕು, ಗೇಟಿನ ಬಳಿ ಉಕ್ಕಿದ ಚರಂಡಿಯ ನೀರು ಕೆಳಗಿನವರ ರಸ್ತೆಯನ್ನು ಕೊರೆಯುತ್ತದೆ. ಮೀಟರು ಹಿಡಿದು ಹೊರಟರೆ ಈ ಲೆಕ್ಕ ಮುಗಿಯುವುದಿಲ್ಲ. ಮುಖ್ಯದಾರಿಗೆ ಮನೆಗೊಂದು ಸಮಪಾಲು, ಮೂರು ನಾಲ್ಕು ಮನೆಗಳಿಗಷ್ಟೇ ಹೋಗುವ ಕವಲುದಾರಿಗೆ ಆ ಮನೆಗಳವರದೇ ಪಾಲು, ಎಂಬುದು ಹೆಚ್ಚು ಕಾಲ ಬಾಳುವ ವ್ಯವಸ್ಥೆ. ಖಾಲಿ ನಿವೇಶನಕ್ಕೂ ಪಾಲಿರಬೇಕು, ಏಕೆಂದರೆ ದಾರಿಯಿಲ್ಲದ ನಿವೇಶನಕ್ಕೆ ಬೆಲೆಯಿಲ್ಲ. ಅದು ಅರ್ಧಪಾಲಾಗಿರಲಿ ಎಂದು ಸಭೆ ಬಯಸಿದರೆ ತಪ್ಪೇನಿಲ್ಲ. ಬೇಸಿಗೆಯವರ ವಾದದಲ್ಲಿ ಹುರುಳು ಕಡಿಮೆ: ಮಳೆ ರಸ್ತೆಯನ್ನು ಕೆಡಿಸುವಾಗ ಯಾರು ಊರಿನಲ್ಲಿದ್ದಾರೆಂದು ಕೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಳಕೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಅದು ಭಾರದ ಲಾರಿಗಳು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನಡೆಸಿದ ಪ್ರಯೋಗದಿಂದ, ರಸ್ತೆಗೆ ಆಗುವ ಹಾನಿ ಗಾಡಿಯ ಒಂದೊಂದು ಅಚ್ಚಿನ (ಆಕ್ಸಲ್) ಮೇಲೆ ಬೀಳುವ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬ ಸೂತ್ರ ಹೊರಟಿತು. ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. 1 ಟನ್ನಿನ ಅಚ್ಚಿನ ಕಾರಿಗೂ 8 ಟನ್ನಿನ ಅಚ್ಚಿನ ಲಾರಿಗೂ ಹೋಲಿಸಿದರೆ 4,096 ಪಟ್ಟು. ಆ ಲೆಕ್ಕ ಡಾಂಬರು ಮತ್ತು ಕಾಂಕ್ರೀಟು ರಸ್ತೆಗಳದು, ಜಲ್ಲಿಗೆ ಹಾಗೆಯೇ ಅನ್ವಯಿಸಲಾಗದು; ಆದರೂ ಮನೆ ಕಟ್ಟುವವರೊಬ್ಬರ ಕಾಂಕ್ರೀಟು ಲಾರಿಗಳು ಒಂದು ವಾರದಲ್ಲಿ ಮಾಡುವ ಗಾಯವನ್ನು ಉಳಿದವರ ಕಾರುಗಳು ವರ್ಷವಿಡೀ ಮಾಡಲಾರವು ಎಂಬುದನ್ನು ಯಾರೂ ಕಣ್ಣಾರೆ ನೋಡಬಹುದು. ಕಟ್ಟಡ ಕೆಲಸಕ್ಕೆ ಮುನ್ನ ರಸ್ತೆಯ ಫೋಟೋ ತೆಗೆದು, ಠೇವಣಿ ಕಟ್ಟಿಸಿಕೊಂಡು, ಕೆಲಸ ಮುಗಿದ ಮೇಲೆ ದುರಸ್ತಿಯ ಖರ್ಚು ಕಳೆದು ಹಿಂದಿರುಗಿಸುವ ನಿಯಮವನ್ನು ಈ ವರ್ಷವೇ, ಯಾರೂ ಮನೆ ಕಟ್ಟದೆ ಇರುವಾಗಲೇ, ಅಂಗೀಕರಿಸಿಕೊಳ್ಳಿ.

ವಂತಿಗೆಯನ್ನು ವರ್ಷದ ಖರ್ಚಿಗೆ ಸರಿಹೊಂದಿಸುವುದೂ ತಪ್ಪು. ಎಂಟು ವರ್ಷಕ್ಕೊಮ್ಮೆ ಹೊಸ ಜಲ್ಲಿ ಬೇಕಾಗುವ ರಸ್ತೆಯಾದರೆ ಅದರ ಎಂಟನೆಯ ಒಂದು ಭಾಗವನ್ನು ಪ್ರತಿ ವರ್ಷ ಮೀಸಲು ನಿಧಿಗೆ ಹಾಕಿ, ಆ ಖಾತೆಯನ್ನು ದಿನನಿತ್ಯದ ಖಾತೆಯಿಂದ ಬೇರೆಯಾಗಿಡಬೇಕು. ಹಾಗೆ ಮಾಡದ ಸಂಘದಲ್ಲಿ ಏಳು ವರ್ಷ ಅಗ್ಗದ ವಂತಿಗೆ ಕೊಟ್ಟು ಮನೆ ಮಾರಿಹೋದವರ ಪಾಲನ್ನು ಎಂಟನೆಯ ವರ್ಷ ಬಂದವರು ತೆರಬೇಕಾಗುತ್ತದೆ.

ಪ್ರಶ್ನೆ: ಒಣಹವೆಯಲ್ಲಿ ಧೂಳು ತಡೆಯಲಾಗುತ್ತಿಲ್ಲ. ಹಳೆಯ ಎಂಜಿನ್ ಆಯಿಲ್ ಚೆಲ್ಲಬಹುದೆಂದು ಒಬ್ಬರು, ಉಪ್ಪು ಹಾಕಬಹುದೆಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ಆಯಿಲ್ ಖಂಡಿತ ಬೇಡ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಭಾರಲೋಹಗಳೂ ಇತರ ವಿಷಗಳೂ ಇರುತ್ತವೆ, ಮಳೆ ಬಂದ ದಿನ ಅವು ನೀವು ಈಜುವ ನೀರಿಗೇ ಇಳಿಯುತ್ತವೆ. ಉಪ್ಪು ಎಂದವರು ಬಹುಶಃ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಇವು ಗಾಳಿಯ ತೇವವನ್ನು ಹೀರಿ ರಸ್ತೆಯ ಮೇಲ್ಪದರವನ್ನು ಹಸಿಯಾಗಿಡುತ್ತವೆ ಮತ್ತು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಕ್ಲೋರೈಡ್ ನೀರಿನಲ್ಲಿ ಕರಗಿದ ಮೇಲೆ ಕೊಳೆಯುವುದೂ ಇಲ್ಲ, ತಳಕ್ಕೆ ಕೂರುವುದೂ ಇಲ್ಲ. ವರ್ಷ ವರ್ಷ ಸರೋವರದಲ್ಲಿ ಕೂಡುತ್ತಾ ಹೋಗುತ್ತದೆ. ದಡದಿಂದ ದೂರದ, ಚರಂಡಿ ಸರೋವರದ ಕಡೆ ಹರಿಯದ ತುಂಡಿಗೆ ಮಾತ್ರ ಇದನ್ನು ಯೋಚಿಸಬಹುದು. ಉಳಿದೆಡೆ ವೇಗ ತಗ್ಗಿಸುವುದು, ಮೇಲೆ ಹೇಳಿದ ಅಂಟುಮಣ್ಣಿನ ಪ್ರಮಾಣ ಸರಿಪಡಿಸುವುದು, ತೀರ ಅಗತ್ಯವಿದ್ದಾಗ ನೀರು ಚಿಮುಕಿಸುವುದು ಸಾಕು.

ಧೂಳಿಗಿಂತ ಕೆಸರಿನ ಚಿಂತೆ ನಿಮಗಿರಬೇಕು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ, ಒಂದು ಬದಿಗೆ ಇಂಗಾಲ ಮತ್ತು ಸಾರಜನಕವನ್ನೂ, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿಯಲ್ಲಿ ಮಾತ್ರ ಪಾಚಿ ದಟ್ಟವಾಗಿ ಹಬ್ಬಿ ನೀರು ಹಸಿರಾಯಿತು. ರಂಜಕ ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಗುವ ವಸ್ತು. ಹಾಗಾಗಿ ರಸ್ತೆಯ ಚರಂಡಿಯ ಬಾಯಿ ನೇರವಾಗಿ ಸರೋವರಕ್ಕೆ ತೆರೆದಿದ್ದರೆ, ಅದನ್ನು ದಡಕ್ಕೆ ಮುಂಚೆಯೇ ಪಕ್ಕಕ್ಕೆ ತಿರುಗಿಸಿ, ಗಿಡ ಹುಲ್ಲು ತುಂಬಿದ ಜಾಗದಲ್ಲಿ ನೀರು ಹರಡಿ ಇಂಗುವಂತೆ ಮಾಡಿ. ಸಂಘದ ರಸ್ತೆ ಸಮಿತಿ ಒಂದು ಕಡೆ, ಸರೋವರ ಸಮಿತಿ ಇನ್ನೊಂದು ಕಡೆ ಕೂತು ಪರಸ್ಪರ ಮಾತನಾಡದ ಸಂಘಗಳನ್ನು ನೋಡಿದ್ದೇನೆ. ಈ ಎರಡು ಸಮಿತಿಗಳು ಒಂದೇ ಆಗಿರುವುದು ಮೇಲು.

ಪ್ರಶ್ನೆ: ಸದಸ್ಯರೊಬ್ಬರು ಮೂರು ವರ್ಷದಿಂದ ವಂತಿಗೆ ಕೊಟ್ಟಿಲ್ಲ. ಅವರ ಗಾಡಿಗೆ ಗೇಟು ತೆರೆಯಬಾರದೆಂದು ಕೆಲವರು ಪಟ್ಟು ಹಿಡಿದಿದ್ದಾರೆ.

ಉತ್ತರ: ಗೇಟು ಮುಚ್ಚಬೇಡಿ. ಅವರ ದಾರಿಯ ಹಕ್ಕು ಬೇರೆ, ಅವರ ಬಾಕಿ ಬೇರೆ. ಒಂದಕ್ಕೆ ಇನ್ನೊಂದನ್ನು ಕಟ್ಟಿಹಾಕಿದರೆ ನ್ಯಾಯಾಲಯದಲ್ಲಿ ಸಂಘವೇ ಆರೋಪಿಯ ಜಾಗದಲ್ಲಿ ನಿಂತೀತು, ಬೆಂಕಿಯೋ ಕಾಯಿಲೆಯೋ ಬಂದ ರಾತ್ರಿಯಂತೂ ಕೇಳುವುದೇ ಬೇಡ.

ಜನ ತಾವೇ ನೋಡಿಕೊಳ್ಳುವ ಸಾಮೂಹಿಕ ನೀರು, ಕಾಡು, ಮೀನುಗಾರಿಕೆಯ ವ್ಯವಸ್ಥೆಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ದಂಡನೆ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಮತ್ತು ಜಗಳ ಬಿಡಿಸಲು ಅಗ್ಗದ, ಕೈಗೆಟುಕುವ ದಾರಿಯೊಂದು ಇರುವುದನ್ನು ಗುರುತಿಸಿದ್ದರು. ನಿಮ್ಮ ಮೊದಲ ಮೆಟ್ಟಿಲು ಅಧ್ಯಕ್ಷರ ಖುದ್ದು ಭೇಟಿಯಾಗಲಿ. ಕೊಡಲಾರದವರಿಗೂ ಕೊಡಲೊಲ್ಲದವರಿಗೂ ವ್ಯತ್ಯಾಸವಿದೆ, ಅದು ನೋಟಿಸಿನಲ್ಲಿ ತಿಳಿಯುವುದಿಲ್ಲ. ಕೊಡಲಾರದವರಿಗೆ ಕಂತು ಮಾಡಿಕೊಡಿ. ಕೊಡಲೊಲ್ಲದವರಿಗೆ ಲಿಖಿತ ನೋಟಿಸು, ಬೈಲಾದಲ್ಲಿದ್ದರೆ ಬಡ್ಡಿ ಮತ್ತು ಮತದಾನದ ತಡೆ, ಕಡೆಗೆ ವಸೂಲಿ ದಾವೆ. ಅವರು ಕೊಡದಿರುವುದಕ್ಕೆ ಹೇಳುವ ಕಾರಣವನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಬಾಕಿದಾರರು ಯಾವುದೋ ಸಭೆಯಲ್ಲಿ ತಮ್ಮ ಮಾತು ಕೇಳಲಿಲ್ಲವೆಂಬ ಮುನಿಸಿನಲ್ಲಿರುತ್ತಾರೆ.

ಪ್ರಶ್ನೆ: ನಮ್ಮ ಖಜಾಂಚಿಯವರ ಮಗನ ಬಳಿಯೇ ಅಗೆಯುವ ಯಂತ್ರವಿದೆ. ಕೆಲಸವನ್ನು ಅವರಿಗೇ ಕೊಟ್ಟರೆ ತಪ್ಪೇ?

ಉತ್ತರ: ತಪ್ಪಲ್ಲ. ಮೂರು ಕೊಟೇಶನ್ ತರಿಸಿ. ಸಂಬಂಧವನ್ನು ಖಜಾಂಚಿಯವರು ಸಭೆಗೆ ಬಾಯಿಬಿಟ್ಟು ಹೇಳಿ, ಚರ್ಚೆಯ ಹೊತ್ತಿಗೆ ಹೊರಗೆ ಕೂರಲಿ. ಚೆಕ್ಕಿಗೆ ಬೇರೆ ಇಬ್ಬರು ಸಹಿ ಮಾಡಲಿ. ಯಾರಿಗೆ ಕೊಟ್ಟರೂ ಕೆಲಸಗಾರರಿಗೆ ವಿಮೆ ಇರುವುದರ ಕಾಗದ ಕೇಳಿ.

ಪ್ರಶ್ನೆ: ರಸ್ತೆ ಅಲೆ ಅಲೆಯಾಗಿ ಎದ್ದು ಗಾಡಿ ಗಡಗಡಿಸುತ್ತದೆ. ಗ್ರೇಡರ್ ಹೊಡೆಸಿದ ಮೂರೇ ವಾರಕ್ಕೆ ಮತ್ತೆ ಅದೇ. ವೇಗ ತಡೆಯಲು ಹಂಪ್ ಹಾಕಿಸಬೇಕೆಂದಿದ್ದೇವೆ.

ಉತ್ತರ: ಈ ಅಲೆಗಳು ಏಳುವುದು ವೇಗದಿಂದ ಎಂಬ ನಿಮ್ಮ ಊಹೆ ಸರಿ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಭೌತವಿಜ್ಞಾನಿಗಳು ಮರಳಿನ ಹಾಸಿನ ಮೇಲೆ ಚಕ್ರವನ್ನು ಸುತ್ತಿಸಿ, ಒಂದು ಮಿತಿಯ ವೇಗ ದಾಟಿದಾಗ ಮಾತ್ರ ಅಲೆಗಳು ಮೂಡುವುದನ್ನು ತೋರಿಸಿದರು. ಚಕ್ರಕ್ಕೆ ಸ್ಪ್ರಿಂಗು ಇಲ್ಲದಿದ್ದರೂ ಮೂಡಿದವು. ಆದರೆ ಹಂಪ್ ಬೇಡ. ಅದರ ಮುಂದೆ ಎಲ್ಲರೂ ಬ್ರೇಕು ಒತ್ತುತ್ತಾರೆ, ದಾಟಿದ ಮೇಲೆ ವೇಗ ಹೆಚ್ಚಿಸುತ್ತಾರೆ, ಸಡಿಲ ಜಲ್ಲಿಯಲ್ಲಿ ಅಲೆ ಎದ್ದು ನಿಲ್ಲುವುದು ಅಂಥ ಜಾಗದಲ್ಲೇ. ಗ್ರೇಡರಿನವರು ಅಲೆಯ ತಲೆಯನ್ನಷ್ಟೇ ಸವರಿ ಹಳ್ಳಗಳಿಗೆ ತುಂಬಿ ಹೋಗಿರಬೇಕು. ಹಳ್ಳದ ತಳದವರೆಗೂ ಕತ್ತರಿಸಿ, ಮಣ್ಣನ್ನು ಬೆರೆಸಿ, ಕ್ಯಾಂಬರ್ ಕೊಟ್ಟು, ರೋಲರ್ ಉರುಳಿಸದಿದ್ದರೆ ಹಳೆಯ ಅಚ್ಚಿನಲ್ಲೇ ಅಲೆ ಮರಳುತ್ತದೆ. ಒಣಮಣ್ಣಿನಲ್ಲಿ ಈ ಕೆಲಸ ಕೂರುವುದಿಲ್ಲ. ಆದ್ದರಿಂದ ಮುಂದಿನ ಒಪ್ಪಂದದಲ್ಲಿ ತಾರೀಖನ್ನು ಬರೆಯದೆ, ಮಳೆ ನಿಂತ ಒಂದೆರಡು ದಿನದೊಳಗೆ, ಮಣ್ಣು ಹಸಿಯಿರುವಾಗ ಗ್ರೇಡರ್ ಬರಬೇಕು ಎಂದು ಬರೆಸಿ, ಅದಕ್ಕಾಗಿ ಸ್ವಲ್ಪ ಹೆಚ್ಚು ಕೇಳಿದರೂ ಕೊಡಿ.