ಪಲ್ಪರ್ ಸದ್ದು ಸಂಗೀತವೇ?

ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: 'ರಟ್ಟಿನ ಡಬ್ಬಕ್ಕೆ ಮೋಟಾರು ಬಡಿಯುವುದನ್ನು ಸಂಗೀತ ಅಂತ ನಾಲ್ಕು ಪುಟ ಹಾಕಿದ್ದೀರಿ. ಹಾಗಾದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ತೋಟದ ಪಲ್ಪರ್ ಕೂಡ ಸಂಗೀತ ತಾನೇ? ನಮ್ಮಪ್ಪ ಜಗಲಿಯಲ್ಲಿ ಕೂತೇ ಅದರ ಸದ್ದು ಕೇಳಿ, ಕಲ್ಲು ಸಿಕ್ಕಿದೆ ನೋಡ್ರೋ ಅಂತಿದ್ದರು. ಅದು ಕೆಲಸದ ಸದ್ದು. ಕೆಲಸವಿಲ್ಲದ ಸದ್ದು ಯಾರಿಗೆ ಬೇಕು?'

ಸಂಪಾದಕರ ಉತ್ತರ:

ನಮಸ್ಕಾರ. ಆ ನಾಲ್ಕು ಪುಟದಲ್ಲಿ ಫೋಟೊ ಜಾಸ್ತಿ ಆಯಿತು. ಕಿವಿಗೆ ಅದು ಹೇಗೆ ಕೇಳುತ್ತದೆ ಅಂತ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು, ಈಗ ಬರೆಯುತ್ತೇನೆ.

ಸ್ವಿಟ್ಜರ್ಲೆಂಡಿನ ಕಲಾವಿದ ಝಿಮೂನ್ ಅವರು ಒಂದೇ ಥರದ ನೂರಾರು ಪುಟ್ಟ ಮೋಟಾರು ಜೋಡಿಸುತ್ತಾರೆ. ಒಂದೊಂದಕ್ಕೂ ಒಂದು ತಂತಿ, ತಂತಿಯ ತುದಿಗೆ ಹತ್ತಿಯ ಉಂಡೆ. ಅದು ಡಬ್ಬಕ್ಕೆ ಬಡಿಯುತ್ತಿರುತ್ತದೆ. ತಂತಿಗಳು ಒಂಚೂರು ಬೇರೆ ಬೇರೆ ಥರ ಬಾಗುತ್ತವೆ, ಹಾಗಾಗಿ ಪೆಟ್ಟುಗಳು ಒಂದೇ ಸಮ ಬೀಳುವುದಿಲ್ಲ. ದೂರದಿಂದ ಕೇಳಿದರೆ ಮಳೆ. ಹತ್ತಿರ ಹೋದರೆ ಪ್ರತಿ ಡಬ್ಬಕ್ಕೂ ಅದರದೇ ದನಿ.

ಇದರ ಬೇರು ಹಳೆಯದು. ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲೇ ಗದ್ದಲಕ್ಕೂ ಸಂಗೀತದಲ್ಲಿ ಜಾಗ ಬೇಕು ಎಂದು ಬರೆದರು. ಅದಕ್ಕಾಗಿ ಮರದ ಪೆಟ್ಟಿಗೆಗಳನ್ನೂ ಮಾಡಿದರು. ಮುಂದೆ ತುತ್ತೂರಿಯ ಬಾಯಿ, ಹಿಂದೆ ಹಿಡಿಕೆ. ಹಳೇ ಕೈ ಪಲ್ಪರಿನ ಹಾಗೆ ತಿರುಗಿಸಿದರೆ ಒಳಗಿನ ಚಕ್ರ ತಂತಿಯನ್ನು ಉಜ್ಜಿ ಗುರುಗುಟ್ಟುತ್ತಿತ್ತು.

ನನಗೆ ತುಂಬ ಇಷ್ಟವಾದದ್ದು ಸಂಗೀತ ಸಂಯೋಜಕ ಲಿಗೆಟಿ ಅವರ 1962ರ ಕೃತಿ. ವೇದಿಕೆ ಮೇಲೆ 100 ಮೆಟ್ರೊನೋಮ್. ಸಂಗೀತ ಕಲಿಯುವವರು ಲಯಕ್ಕೆ ಇಟ್ಟುಕೊಳ್ಳುವ, ಕೀಲಿ ಕೊಡುವ ಯಂತ್ರ ಅದು. ಬೇರೆ ಬೇರೆ ವೇಗಕ್ಕಿಟ್ಟು ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ. ಮೊದಲು ಬರೀ ಗದ್ದಲ. ಕೀಲಿ ಮುಗಿದ ಹಾಗೆ ಒಂದೊಂದೇ ನಿಲ್ಲುತ್ತದೆ, ಗದ್ದಲದೊಳಗಿಂದ ತಾಳಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಕೊನೆಗೆ ಒಂದೇ ಒಂದು ಟಿಕ್ ಟಿಕ್. ಆಮೇಲೆ ಅದೂ ಇಲ್ಲ. 1963ರಲ್ಲಿ ನೆದರ್ಲೆಂಡ್ಸಿನಲ್ಲಿ ಮೊದಲ ಸಲ ನುಡಿಸಿದಾಗ ಜನ ಸಿಟ್ಟಾದರು. ಟಿವಿಯಲ್ಲಿ ಅದರ ಬದಲು ಫುಟ್‌ಬಾಲ್ ತೋರಿಸಿದರು! ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು ಅಂತೀವಲ್ಲ, ಆ ಹೊತ್ತಿನ ತೋಟ ನೆನಪಿಸಿಕೊಳ್ಳಿ. ಸಿಲ್ವರ್ ಓಕಿನಿಂದ, ಕಾಫಿ ಎಲೆಯಿಂದ, ಶೀಟಿನ ಅಂಚಿನಿಂದ ತೊಟ್ಟಿಕ್ಕುವ ಹನಿ. ಮೊದಲು ದಟ್ಟವಾಗಿ, ಆಮೇಲೆ ಬಿಡಿಯಾಗಿ. ಲಿಗೆಟಿ ಕೇಳಿಸುವುದೂ ಅದನ್ನೇ, ಅಲ್ವಾ?

ಪಲ್ಪರ್ ಸಂಗೀತ ಅಲ್ಲ, ನಿಮ್ಮ ಮಾತು ಸರಿ. ಅದನ್ನು ಮಾಡಿದ್ದು ಹಣ್ಣಿನ ಸಿಪ್ಪೆ ಬಿಡಿಸಲಿಕ್ಕೆ. ಆದರೆ ಗರಗರದ ನಡುವೆ ಒಂದು ಕಲ್ಲನ್ನು ಹಿಡಿಯುತ್ತಿದ್ದ ನಿಮ್ಮ ತಂದೆಯವರ ಕಿವಿ ಇದೆಯಲ್ಲ, ಈ ಕಲಾವಿದರು ಬಯಸುವುದು ಅಂಥ ಕಿವಿಯನ್ನೇ. ಮಿಷನ್ ಕೆಡುವ ಚಿಂತೆ ಇಲ್ಲದೆ ಸುಮ್ನೆ ಕೂತು ಹಾಗೆ ಆಲಿಸಲಿ ಅಂತಲೇ ಈ ಕೆಲಸವಿಲ್ಲದ ಸದ್ದು.

ಈ ಸಲ ಹಣ್ಣು ಕುಯ್ಯಲು ಶುರುವಾದ ಮೇಲೆ ಪಲ್ಪರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೀರಾ? ಕಲ್ಲು ಸಿಕ್ಕಾಗ ಸದ್ದು ಹೇಗೆ ಬದಲಾಗುತ್ತದೆ ಅಂತ ನೀವೇ ಬರೆಯಿರಿ. ನಾಲ್ಕು ಪುಟ ಇಟ್ಟಿರುತ್ತೇವೆ.