ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತದಿಂದ ಒಂದೇ ದಿನದಲ್ಲಿ ಬೊರೊಬುದುರ್ ಬೌದ್ಧ ಸ್ಮಾರಕ, ದಿಯೆಂಗ್ ಪ್ರಸ್ಥಭೂಮಿ ಎರಡನ್ನೂ ನೋಡಿ ಬರಬಹುದಾ? ಅಥವಾ ದಿಯೆಂಗ್ ಬಿಟ್ಟು ಬ್ರೋಮೊ ಜ್ವಾಲಾಮುಖಿಗೆ ಹೋಗುವುದು ಒಳ್ಳೆಯದಾ?

ಹೋಗಿ ಬರಬಹುದು, ನೋಡಿ ಬರುವುದಕ್ಕೆ ಆಗಲ್ಲ. ನಾನು ಹಾಗೇ ಹೋಗಿದ್ದೆ. ದಿಯೆಂಗ್‌ನಲ್ಲಿ ನನಗೆ ಕಂಡಿದ್ದು ಮಂಜು, ಪಾರ್ಕಿಂಗ್ ಜಾಗ, ಮತ್ತೆ ಮಂಜು.

ನಿಮ್ಮ ಲೆಕ್ಕವೇ ನನ್ನದೂ ಆಗಿತ್ತು. ಮ್ಯಾಪ್ ತೆಗೆದರೆ ಬೊರೊಬುದುರ್ ದಾರಿಯಲ್ಲೇ ಸಿಗುವ ಹಾಗೆ ಕಾಣುತ್ತದೆ. ಬೆಳಿಗ್ಗೆ ಅಲ್ಲಿ ಇಳಿಯುವುದು, ಮಧ್ಯಾಹ್ನ ಬೆಟ್ಟ ಹತ್ತುವುದು, ರಾತ್ರಿ ಊಟಕ್ಕೆ ವಾಪಸ್. ಕಾರು ಗೊತ್ತು ಮಾಡಿಕೊಟ್ಟವರೂ ಆರಾಮಾಗಿ ಆಗುತ್ತದೆ ಎಂದರು. ಅವರಿಗೇನು, ಕಾರು ಹೋಗಿ ಬಂದರೆ ಸಾಕಲ್ವಾ?

ತಪ್ಪಾಗಿದ್ದು ದೂರದ ಲೆಕ್ಕದಲ್ಲಿ ಅಲ್ಲ, ಯಾವುದು ಮೊದಲು ಎನ್ನುವುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಆಮೇಲೆ ಸಿಕ್ಕಿದ ಪ್ರವಾಸಿಗರಲ್ಲಿ ಸುಮಾರು ಜನ ಇದನ್ನೇ ಮಾಡಿಕೊಂಡಿದ್ದರು. ದಿಯೆಂಗ್ ಇರುವುದು 2,000 ಮೀಟರ್‌ಗೂ ಎತ್ತರದಲ್ಲಿ. ಕೆಳಗಿನ ವೊನೊಸೊಬೊ ಊರು ಅದರ ಅರ್ಧ ಎತ್ತರದಲ್ಲೂ ಇಲ್ಲ. ಬಿಸಿಲು ಏರಿದ ಹಾಗೆ ಕಣಿವೆಯ ತೇವದ ಗಾಳಿ ಬಿಸಿಯಾಗಿ ಇಳಿಜಾರು ಹಿಡಿದು ಮೇಲೆ ಬರುತ್ತದೆ. ಮೇಲೆ ತಂಪು, ಹಾಗಾಗಿ ಅಲ್ಲಿ ಅದು ಮೋಡವಾಗಿ ಕೂತುಬಿಡುತ್ತದೆ. ಮಳೆಗಾಲ ಅಲ್ಲದಿದ್ದರೂ ಮಧ್ಯಾಹ್ನ ಹೀಗಾಗುವುದು ಅಲ್ಲಿ ಮಾಮೂಲಿ. ನಾನು ಹೋಗಿದ್ದು ಆಗಸ್ಟ್, ಒಣ ಹವೆ, ಮಳೆ ಇಲ್ಲ ಅಂದರೆ ಆಕಾಶ ತೆರೆದಿರುತ್ತದೆ ಅಂದುಕೊಂಡಿದ್ದೆ. ಬೊರೊಬುದುರ್ ಮೇಲೆ ಹತ್ತುವ ಟಿಕೆಟ್‌ಗೆ ಇಂತಿಷ್ಟು ಹೊತ್ತು ಅಂತ ನಿಗದಿ ಇರುತ್ತದೆ, ಸಂಖ್ಯೆಯೂ ಮಿತ. ನನಗೆ ಬೆಳಗಿನ ಮೊದಲ ಹೊತ್ತು ಸಿಗಲಿಲ್ಲ. ಅಲ್ಲಿ ಕಳೆದ ಒಂದೊಂದು ಗಂಟೆಯೂ ದಿಯೆಂಗ್‌ನ ಬೆಳಕಿನಿಂದ ಕಳೆದುಹೋಯಿತು. ಮೇಲೆ ತಲುಪುವಾಗ ಎದುರಿನ ವಾಹನದ ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೈಮೇಲೆ ಟೀ ಶರ್ಟ್. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕು ಎಂದು ಡ್ರೈವರ್ ಗಡಿಬಿಡಿ ಮಾಡಿದರು. ಅವರು ಹೇಳಿದ್ದೂ ಸರಿಯೇ.

ಹಾಗಾದರೆ ದಿಯೆಂಗ್ ಮೊದಲು, ಬೊರೊಬುದುರ್ ಆಮೇಲೆ ಅಂತೀರಾ? ಬೇಡ. ಒಂದು ಕಡೆಗೇ ಮೂರು ಗಂಟೆಗೂ ಜಾಸ್ತಿ ಪ್ರಯಾಣ. ನಡುರಾತ್ರಿ ಎದ್ದು ಹೊರಟು, ಎರಡೂ ಕಡೆ ತೂಕಡಿಸುತ್ತೀರಿ.

ನನಗೆ ಹೊಟ್ಟೆ ಉರಿದು ಸಮುದ್ರತೀರದ ಪ್ಲಾನ್ ಕೈಬಿಟ್ಟೆ. ಮಾಗೆಲಾಂಗ್‌ನಲ್ಲಿ ಬಸ್ ಬದಲಿಸಿ ವೊನೊಸೊಬೊಗೆ ಬಂದು ರೂಮ್ ಹಿಡಿದೆ. ಸಣ್ಣ ಊರು, ಸಿಂಡೋರೊ ಮತ್ತು ಸುಂಬಿಂಗ್ ಎಂಬ ಎರಡು ಜ್ವಾಲಾಮುಖಿಗಳ ಹತ್ತಿರವೇ ಇದೆ. ಎರಡೂ 3,000 ಮೀಟರ್ ದಾಟಿದವು. ಅಲ್ಲಿಂದ ದಿಯೆಂಗ್‌ಗೆ 26 ಕಿ.ಮೀ., ಸಣ್ಣ ಬಸ್ಸುಗಳು ಓಡಾಡುತ್ತವೆ. ಬೆಳಿಗ್ಗೆ ಬೇಗ ಹತ್ತಿದೆ. ಹಿಂದೆ ಮಂಜಿನಲ್ಲಿ ನಿಂತಿದ್ದ ಅದೇ ಜಾಗದ ಸುತ್ತ ಇಷ್ಟೊಂದು ಇದೆಯಾ ಅನ್ನಿಸಿತು.

ಮೊದಲು ಅರ್ಜುನ ದೇವಾಲಯಗಳ ಗುಂಪಿಗೆ ಹೋಗಿ. ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಹಿಂದೂ ಗುಡಿಗಳಲ್ಲಿ ಇವು ಸೇರಿವೆ, ಶಿವನಿಗೆ ಕಟ್ಟಿದವು. ಹಂಪಿಯಂಥದ್ದನ್ನು ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ, ಎಲ್ಲವೂ ಪುಟ್ಟ ಗುಡಿಗಳು. ಅರ್ಜುನ, ಪುಂತದೇವ (ನಮ್ಮ ಧರ್ಮರಾಯ), ಸೆಂಬದ್ರಾ (ಸುಭದ್ರೆ), ಶ್ರೀಕಂಡಿ (ಶಿಖಂಡಿ). ಈ ಹೆಸರುಗಳು ಗುಡಿ ಕಟ್ಟಿದವರು ಇಟ್ಟವಲ್ಲ, ಎಷ್ಟೋ ಕಾಲದ ಮೇಲೆ ಸ್ಥಳೀಯರು ಇಟ್ಟವು. ಅಂದಹಾಗೆ, ಜಾವಾದ ಕಥೆಯಲ್ಲಿ ಶ್ರೀಕಂಡಿ ಅಂದರೆ ಬಿಲ್ಲು ಹಿಡಿದ ಹೆಂಗಸು, ಅರ್ಜುನನ ಹೆಂಡತಿ! ಅರ್ಜುನನ ಗುಡಿಗೆ ಎದುರಾಗಿ ಸೆಮಾರ್ ಎಂಬುವನ ಗುಡಿ ಇದೆ. ಅವನು ನಮ್ಮ ಮಹಾಭಾರತದಲ್ಲಿ ಇಲ್ಲವೇ ಇಲ್ಲ. ಅವರ ತೊಗಲುಬೊಂಬೆ ಆಟದಲ್ಲಿ ಪಾಂಡವರ ಜೊತೆಗಿರುವ ಹಾಸ್ಯಗಾರ, ಆದರೆ ವೇಷ ಮರೆಸಿಕೊಂಡ ದೇವರು. ಸ್ವಲ್ಪ ದೂರದ ಭೀಮನ ಗುಡಿಯನ್ನು ತಪ್ಪಿಸಬೇಡಿ. ಅದರ ಶಿಖರದ ಗೂಡುಗಳಿಂದ ಕಲ್ಲಿನ ಮುಖಗಳು ಹೊರಗೆ ಇಣುಕುತ್ತವೆ. ನಾನು ಅಲ್ಲೇ ಜಾಸ್ತಿ ಹೊತ್ತು ನಿಂತಿದ್ದೆ.

ತೆಲಗಾ ವಾರ್ನಾ ಎಂಬ ಕೆರೆಯ ನೀರು ಗಂಧಕದಿಂದಾಗಿ ಹಸಿರು ನೀಲಿ ಕಾಣುತ್ತದೆ, ಪಕ್ಕದ ಇನ್ನೊಂದು ಕೆರೆ ಮಾಮೂಲಿ ಬಣ್ಣದ್ದು. ಮೇಲಿನ ಬಂಡೆ ಹತ್ತಿದರೆ ಎರಡೂ ಒಟ್ಟಿಗೆ ಕಾಣುತ್ತವೆ. ಸಿಕಿಡಾಂಗ್‌ನಲ್ಲಿ ಕುದಿಯುವ ಕೆಸರಿನ ಗುಂಡಿ ಇದೆ. ಸೆಲ್ಫಿಗೆ ಇಟ್ಟ ಬೊಂಬೆಗಳೂ ಇವೆ, ಕಣ್ಣು ಮುಚ್ಚಿ ದಾಟಿ. ಆದರೆ ಬೇಲಿ ಮಾತ್ರ ದಾಟಬೇಡಿ. 1979ರ ಫೆಬ್ರವರಿಯಲ್ಲಿ ಇದೇ ಪ್ರಸ್ಥಭೂಮಿಯ ಸಿನಿಲಾ ಎಂಬ ಜ್ವಾಲಾಮುಖಿ ಕುಳಿಯಲ್ಲಿ ಸ್ಫೋಟವಾದಾಗ, ಹೆದರಿ ಓಡುತ್ತಿದ್ದ ಹಳ್ಳಿಯವರು ದಾರಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಸಿಕ್ಕಿ 140ಕ್ಕೂ ಹೆಚ್ಚು ಜನ ಸತ್ತರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಗಾಳಿಗಿಂತ ಭಾರ. ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಗಂಧಕದ ನಾತ ಬರುತ್ತಿಲ್ಲ ಅಂದರೆ ಅಪಾಯ ಇಲ್ಲ ಅಂತ ಅಲ್ಲ.

ಸಿಕುನಿರ್ ಗುಡ್ಡದ ಸೂರ್ಯೋದಯದ ಬಗ್ಗೆ ಎಲ್ಲರೂ ಹುಚ್ಚು ಹತ್ತಿಸುತ್ತಾರೆ. ಚೆನ್ನಾಗಿದೆ, ಎದುರಿಗೇ ಸಿಂಡೋರೊ. ಆದರೆ ಶನಿವಾರ, ಭಾನುವಾರ ಹೋದರೆ ಮುಂದಿನವರ ಮೊಬೈಲ್ ಪರದೆಯಲ್ಲಿ ಸೂರ್ಯನನ್ನು ನೋಡಬೇಕು. ಅದಕ್ಕೆ ಹೋಗುವುದಾದರೆ ದಿಯೆಂಗ್‌ನಲ್ಲೇ ಹೋಮ್‌ಸ್ಟೇ ಹಿಡಿಯಿರಿ. ಜುಲೈ, ಆಗಸ್ಟ್‌ನಲ್ಲಿ ಕೆಲವು ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ, ಆಲೂಗಡ್ಡೆ ಬೆಳೆ ಸುಟ್ಟುಹೋಗುತ್ತದೆ. ಇಂಡೋನೇಷ್ಯಾ ಅಂದರೆ ಸೆಕೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ.

ಬ್ರೋಮೊ ಜೊತೆ ಹೋಲಿಸುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಅದು ಪೂರ್ವ ಜಾವಾ, ಸುರಬಾಯಾ ಕಡೆಯಿಂದ ಮಾಡುವ ಬೇರೆಯೇ ಪ್ರವಾಸ. ನಿಮಗೆ ಇರುವುದು ಒಂದೇ ದಿನ ಅಂದರೆ ದಿಯೆಂಗ್, ಬ್ರೋಮೊ ಎರಡೂ ಬಿಡಿ, ಬೊರೊಬುದುರನ್ನೇ ನಿಧಾನವಾಗಿ ನೋಡಿ. ಒಂದು ರಾತ್ರಿ ಉಳಿಯುವುದಕ್ಕೆ ಆದರೆ ಮಾತ್ರ ದಿಯೆಂಗ್.

ಉಳಿದರೆ ವೊನೊಸೊಬೊದಲ್ಲಿ ಮಿ ಓಂಗ್‌ಕ್ಲೋಕ್ ಕೊಡುತ್ತಾರೆ, ಗಟ್ಟಿ ಗೊಜ್ಜು ಸುರಿದ ನೂಡಲ್ಸ್. ನೀವು ಸಸ್ಯಾಹಾರಿಯಾದರೆ ಮೊದಲೇ ಕೇಳಿಕೊಳ್ಳಿ, ಆ ಗೊಜ್ಜಿಗೆ ಒಣ ಸೀಗಡಿ ಹಾಕುವುದುಂಟು. ಅದರ ಬದಲು ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪೆ ತಗೊಳ್ಳಿ. ಅದು ಸೋಯಾದ್ದು, ಚಳಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.